ಮನೆ ಬಾಗಿಲಿಗೇ ಹೋಗಿ ಕಾರ್ ಕ್ಲೀನ್ ಮಾಡುವ ಕೆಲಸ: ಮೈಸೂರಿನಲ್ಲಿ ಶುರು ಮಾಡುವವರಿಗೆ ಯಾವ ಮಷೀನು ಬೇಕು, ಯಾವುದು ಬೇಡ

ಈ ಕೆಲಸ ಶುರು ಮಾಡುತ್ತೇನೆ ಅನ್ನುವವರು ಮೊದಲು ಕೇಳುವ ಪ್ರಶ್ನೆ ಒಂದೇ. "ಅಣ್ಣ, ಯಾವ ಪ್ರೆಶರ್ ವಾಷರ್ ತಗೊಳ್ಳಲಿ?" ಡಬ್ಬದ ಮೇಲೆ 150 ಬಾರ್, 200 ಬಾರ್ (ಬಾರ್ ಅಂದರೆ ನೀರಿನ ಒತ್ತಡದ ಅಳತೆ) ಅಂತ ದಪ್ಪ ಅಕ್ಷರದಲ್ಲಿ ಬರೆದಿರುವುದನ್ನು ನೋಡಿ ದುಡ್ಡು ಹಾಕಿಬಿಡುತ್ತಾರೆ. ಆಮೇಲೆ ಕುವೆಂಪುನಗರದಲ್ಲಿ ಯಾರದೋ ಮನೆ ಪೋರ್ಟಿಕೋದಲ್ಲಿ ಮಷೀನು ಇಳಿಸಿಕೊಂಡು ನಿಂತಾಗ ಗೊತ್ತಾಗುತ್ತದೆ, ಅಲ್ಲಿರುವುದು ಬರೀ ಐದು ಆ್ಯಂಪಿನ ಪ್ಲಗ್, ನಲ್ಲಿಯಲ್ಲಿ ನೀರು ಬರುವುದು ನಾಳೆ ಬೆಳಗ್ಗೆ.

ಅದಕ್ಕೇ ನಾನು ಮಷೀನಿನಿಂದ ಶುರು ಮಾಡುವುದಿಲ್ಲ. ನೀರು ಎಲ್ಲಿಂದ, ಕರೆಂಟು ಎಲ್ಲಿಂದ, ಇವೆರಡು ತೀರ್ಮಾನವಾದರೆ ಮುಕ್ಕಾಲು ಪಾಲು ಸಾಮಾನು ತಾನಾಗಿಯೇ ತೀರ್ಮಾನ ಆಗುತ್ತದೆ. ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಪ್ರೆಶರ್ ವಾಷರ್‌ನಲ್ಲಿ ಸ್ವಲ್ಪ ಉಳಿಸಿ, ವ್ಯಾಕ್ಯೂಮ್ ಮೇಲೆ ಮತ್ತು ಬಟ್ಟೆ ಮೇಲೆ ಧಾರಾಳವಾಗಿ ಹಾಕಿ. ಹೊರಗಡೆ ತೊಳೆಯುವುದನ್ನು ರಿಂಗ್ ರೋಡಿನ ಯಾವ ಸರ್ವೀಸ್ ಸ್ಟೇಷನ್ನಿನವರಾದರೂ ಮಾಡುತ್ತಾರೆ. ಜನ ಎರಡನೇ ಸಲ ಫೋನ್ ಮಾಡುವುದು ಒಳಗಡೆ ನೀವು ಹೇಗೆ ಮಾಡಿದಿರಿ ಅನ್ನುವುದನ್ನು ನೋಡಿ.

ನೀರು

ಮೂರು ದಾರಿ ಇವೆ. ಗಿರಾಕಿ ಮನೆಯ ನೀರು, ನಿಮ್ಮದೇ ಟ್ಯಾಂಕು, ಇಲ್ಲವೇ ಒಂದು ಬಕೆಟ್ಟಿನಲ್ಲೇ ಕಾರು ಮುಗಿಸುವ ರಿನ್ಸ್‌ಲೆಸ್ ವಾಶ್.

ಗಿರಾಕಿಯ ನೀರು ಅಂದರೆ ಖರ್ಚಿಲ್ಲ, ಗಾಡಿಯಲ್ಲಿ ಭಾರವಿಲ್ಲ. ಆದರೆ ಆ ನೀರು ಎಂಥದ್ದು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಸರಸ್ವತಿಪುರಂ, ಜಯಲಕ್ಷ್ಮೀಪುರಂ ಕಡೆ ಸಂಪಿನಲ್ಲಿ ಕಾವೇರಿ ನೀರಿದ್ದರೆ ಚಿಂತೆಯಿಲ್ಲ. ಊರಾಚೆಯ ಹೊಸ ಲೇಔಟುಗಳಲ್ಲಿ, ಮಂಡ್ಯದ ಹಳ್ಳಿಗಳ ಕಡೆ ಬೋರ್‌ವೆಲ್ ನೀರು ಜಾಸ್ತಿ. ಗಡಸು ನೀರು ಬಿಸಿಲಲ್ಲಿ ಒಣಗಿದರೆ ಕಾರಿನ ಮೇಲೆ ಬಿಳಿ ಬಿಳಿ ಚುಕ್ಕಿ ಉಳಿಯುತ್ತದೆ. ಅದು ನೀರಿನಲ್ಲಿದ್ದ ಸುಣ್ಣದ ಅಂಶ. ಕಪ್ಪು ಕಾರಾದರೆ ಎರಡು ಮನೆ ಆಚೆಯಿಂದಲೂ ಕಾಣುತ್ತದೆ, ಹಾಗೇ ಬಿಟ್ಟರೆ ಪೇಂಟಿಗೇ ಕಚ್ಚಿಕೊಳ್ಳುತ್ತದೆ. ಕೆಲವು ನೂರು ರೂಪಾಯಿಗೆ ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ಅಳೆಯುವ, ಪೆನ್ನಿನ ಹಾಗಿರುವ ಟಿಡಿಎಸ್ ಮೀಟರ್ ಸಿಗುತ್ತದೆ, ಜೇಬಿನಲ್ಲಿ ಇಟ್ಟುಕೊಳ್ಳಿ. ನಂಬರ್ 200 ದಾಟಿದರೆ ಬಿಸಿಲಿನಿಂದ ಕಾರು ತೆಗೆಸಿ, ಒಂದೊಂದೇ ಭಾಗ ತೊಳೆದು ಆಗಲೇ ಒರೆಸಿ, ಮುಂದಕ್ಕೆ ಹೋಗಿ. 500, 600 ತೋರಿಸಿದರೆ ಕೊನೆಯ ನೀರನ್ನಾದರೂ ನಿಮ್ಮ ಕ್ಯಾನಿನಿಂದ ಹಾಕಿ. ಆಗಲೇ ಆಗಿರುವ ಕಲೆಗೆ ಬಿಳಿ ವಿನೆಗರ್ ನೀರಲ್ಲಿ ಬೆರೆಸಿ ಒರೆಸಿದರೆ ಹೊಸದಾದರೆ ಹೋಗುತ್ತದೆ, ಹಳೆಯದಾದರೆ ಪಾಲಿಶ್ ಹೊಡೆಯದೆ ಹೋಗುವುದಿಲ್ಲ.

ಸ್ವಂತ ಟ್ಯಾಂಕಿನ ಲೆಕ್ಕ ಬೇರೆ. ಸಾಮಾನ್ಯ ಪ್ರೆಶರ್ ವಾಷರ್ ನಿಮಿಷಕ್ಕೆ ಆರರಿಂದ ಎಂಟು ಲೀಟರ್ ನೀರು ಬಿಡುತ್ತದೆ. ಒಂದು ಕಾರಿಗೆ ಟ್ರಿಗರ್ ಒತ್ತಿ ಹಿಡಿಯುವ ಹೊತ್ತೆಲ್ಲ ಸೇರಿ ಹತ್ತು ನಿಮಿಷದ ಒಳಗೆ. ಅಂದರೆ 60-70 ಲೀಟರ್. 200 ಲೀಟರ್ ಟ್ಯಾಂಕಿನಲ್ಲಿ ಮೂರು ಕಾರು, ಕೆಸರಿದ್ದರೆ ಎರಡು. ಇಲ್ಲಿ ಹುಡುಗರು ಮರೆಯುವುದು ತೂಕ. 200 ಲೀಟರ್ ಅಂದರೆ 200 ಕೆಜಿ, ಮೂರು ಜನ ದೊಡ್ಡವರು ಹಿಂದೆ ಕೂತಷ್ಟು. ಅರ್ಧ ಖಾಲಿಯಾದ ಟ್ಯಾಂಕು ಇನ್ನೂ ಕೆಟ್ಟದ್ದು, ಬ್ರೇಕ್ ಹೊಡೆದಾಗ ನೀರೆಲ್ಲ ಒಂದೇ ಸಲ ಮುಂದಕ್ಕೆ ನುಗ್ಗಿ ಗಾಡಿಯನ್ನೇ ತಳ್ಳುತ್ತದೆ. ಉದ್ದನೆಯ ಒಂದೇ ಟ್ಯಾಂಕಿಗಿಂತ ನೂರು ನೂರು ಲೀಟರಿನ ಎರಡು ತಗೊಂಡು, ಡ್ರೈವರ್ ಸೀಟಿನ ಹಿಂದೆಯೇ ಬಿಗಿಯಾಗಿ ಕಟ್ಟಿ, ಒಂದನ್ನು ಪೂರ್ತಿ ಖಾಲಿ ಮಾಡಿ ಆಮೇಲೆ ಇನ್ನೊಂದಕ್ಕೆ ಪೈಪ್ ಹಾಕಿ. ಹಾಂ, ಟ್ಯಾಂಕಿನಿಂದ ತಾನೇ ನೀರೆಳೆಯುವ ಮಷೀನೇ ಬೇಕು, ಅಂಗಡಿಯಲ್ಲಿ ಸೆಲ್ಫ್ ಪ್ರೈಮಿಂಗ್ ಅಂತ ಕೇಳಿ. ಎಲ್ಲ ಮಷೀನೂ ಎಳೆಯುವುದಿಲ್ಲ. ನೀರಿಲ್ಲದೆ ಪಂಪ್ ಓಡಿದರೆ ಒಳಗಿನ ಸೀಲ್ ಹೋಯಿತು ಅಂತಲೇ ಲೆಕ್ಕ.

ಮೂರನೆಯದು ರಿನ್ಸ್‌ಲೆಸ್. ಇದನ್ನು ಇಲ್ಲಿ ಇನ್ನೂ ಜನ ನಂಬುವುದಿಲ್ಲ, ನೊರೆ ಹಾರದೆ ಕಾರು ಹೇಗೆ ಕ್ಲೀನ್ ಆಗುತ್ತೆ ಅನ್ನುತ್ತಾರೆ. ಆಪ್ಟಿಮಮ್ ನೋ ರಿನ್ಸ್ ಥರದ ಲಿಕ್ವಿಡ್ ಅನ್ನು 256ಕ್ಕೆ ಒಂದು ಪಾಲು ಬೆರೆಸಬೇಕು. ಅಂದರೆ ಏಳೂವರೆ ಲೀಟರ್ ನೀರಿಗೆ ಸುಮಾರು 30 ಎಂಎಲ್. ಮೊದಲು ಪಂಪ್ ಸ್ಪ್ರೇಯರ್‌ನಲ್ಲಿ ಅದನ್ನೇ ಹೊಡೆದು ಧೂಳು ನೆನೆಯಲು ಬಿಟ್ಟು, ಆಮೇಲೆ ಬಕೆಟ್ಟಿನಲ್ಲಿ ಅದ್ದಿದ ಮೈಕ್ರೋಫೈಬರ್‌ನಿಂದ ಒಂದೇ ದಿಕ್ಕಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ತೆಗೆಯುವುದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನೀರು ಚೆಲ್ಲಿದರೆ ಅಸೋಸಿಯೇಷನ್‌ನವರು ಮೊದಲ ವಾರವೇ ಗೇಟಿನಿಂದ ಆಚೆ ಕಳಿಸುತ್ತಾರೆ. ಅಲ್ಲಿ ಇದೊಂದೇ ದಾರಿ. ಮೇಲಾಗಿ ಬರಗಾಲದ ವರ್ಷ ಬಂದರೆ ನಿಯಮವೂ ಬಿಗಿಯಾಗುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆ ಅಲ್ವಾ?

ಆದರೆ ಕೆಸರಿಗೆ ರಿನ್ಸ್‌ಲೆಸ್ ಬೇಡವೇ ಬೇಡ. ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಸುತ್ತ ಗದ್ದೆಯಿಂದ ಬರುವ ಟ್ರ್ಯಾಕ್ಟರ್ ಚಕ್ರದ ಮಣ್ಣೆಲ್ಲ ರೋಡಿಗೆ ಬೀಳುತ್ತದೆ, ಅದು ಕಾರಿನ ಕೆಳಭಾಗಕ್ಕೆ ಅಂಟಿ ಗಟ್ಟಿಯಾಗಿ ಕೂತಿರುತ್ತದೆ. ಅದರ ಮೇಲೆ ಬಟ್ಟೆ ಹಾಕಿ ಉಜ್ಜಿದರೆ ಉಪ್ಪುಕಾಗದ ಉಜ್ಜಿದ ಹಾಗೇ. ಅಲ್ಲಿ ಪ್ರೆಶರ್ ಬೇಕು. ನನ್ನ ಲೆಕ್ಕ ಇಷ್ಟು: ಮೈಸೂರಿನ ಒಳಗೆ ಅಪಾರ್ಟ್‌ಮೆಂಟು, ಆಫೀಸ್ ಪಾರ್ಕಿಂಗ್ ನಂಬಿಕೊಂಡರೆ ರಿನ್ಸ್‌ಲೆಸ್ಸೇ ಮುಖ್ಯ, ಮಂಡ್ಯ, ಶ್ರೀರಂಗಪಟ್ಟಣ, ಟಿ. ನರಸೀಪುರ ಕಡೆಯ ಗಿರಾಕಿ ಜಾಸ್ತಿ ಅಂದರೆ ಟ್ಯಾಂಕು ಇಲ್ಲದೆ ಆಗುವುದಿಲ್ಲ.

ಕರೆಂಟು

ಗಿರಾಕಿ ಮನೆಯ ಪ್ಲಗ್ ಸಿಕ್ಕರೆ ಅದೇ ಬೆಸ್ಟ್. ಕೆಲವರು "ಬಿಲ್ ಜಾಸ್ತಿ ಬರುತ್ತೆ" ಅಂತ ಮುಖ ಸಿಂಡರಿಸುತ್ತಾರೆ. ಲೆಕ್ಕ ಹೇಳಿ. 1,400 ವ್ಯಾಟಿನ ವಾಷರ್ ಹತ್ತು ನಿಮಿಷ, 1,200 ವ್ಯಾಟಿನ ವ್ಯಾಕ್ಯೂಮ್ ಕಾಲು ಗಂಟೆ, ಎರಡೂ ಸೇರಿ ಹೆಚ್ಚುಕಮ್ಮಿ ಅರ್ಧ ಯೂನಿಟ್. ಸೆಸ್ಕ್ ಬಿಲ್ಲಿನಲ್ಲಿ ಅದು ಕಾಣುವುದೂ ಇಲ್ಲ.

ಇಲ್ಲಿ ದುಡ್ಡು ಉಳಿಸಬಾರದ ಸಾಮಾನು ಎಕ್ಸ್‌ಟೆನ್ಷನ್ ಬಾಕ್ಸ್. ಮನೆಯಲ್ಲಿ ಟಿವಿಗೆ ಹಾಕುವ ಸಣ್ಣ ವೈರಿನದ್ದು ತಂದರೆ ವೋಲ್ಟೇಜ್ ಬಿದ್ದು ಮೋಟಾರ್ ಒದ್ದಾಡುತ್ತದೆ, ವೈರ್ ಬಿಸಿಯಾಗುತ್ತದೆ. 2.5 ಚದರ ಮಿಲಿಮೀಟರಿನ, ಅರ್ಥ್ ಸೇರಿ ಮೂರು ಎಳೆಯ ತಾಮ್ರದ ವೈರ್, 20-25 ಮೀಟರ್, 16 ಆ್ಯಂಪಿನ ಪ್ಲಗ್ ಹಾಕಿಸಿ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ರಾಟೆಗೆ ಸುತ್ತಿಟ್ಟೇ ಓಡಿಸಬೇಡಿ, ಪೂರ್ತಿ ಬಿಚ್ಚಿ. ಅದರ ಜೊತೆ 30 ಮಿಲಿ ಆ್ಯಂಪಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್) ಕೂರಿಸಿದ ಬಾಕ್ಸ್ ಇಟ್ಟುಕೊಳ್ಳಿ. ಒದ್ದೆ ನೆಲದ ಮೇಲೆ ನಿಂತು ಕರೆಂಟಿನ ಮಷೀನು ಹಿಡಿಯುವವರಿಗೆ ಇದು ಬೇಕೇ ಬೇಕು, ಗಿರಾಕಿ ಮನೆಯ ಅರ್ಥಿಂಗ್ ಸರಿ ಇದೆಯೋ ಇಲ್ಲವೋ ಯಾರಿಗೆ ಗೊತ್ತು.

ಜನರೇಟರ್ ತಗೊಂಡರೆ ಯಾರನ್ನೂ ಕೇಳುವ ಹಂಗಿಲ್ಲ. ಆದರೆ ಗೋಕುಲಂನ ಗಲ್ಲಿಯಲ್ಲಿ ಭಾನುವಾರ ಬೆಳಗ್ಗೆ ಏಳಕ್ಕೆ ಸ್ಟಾರ್ಟ್ ಮಾಡಿ ನೋಡಿ, ಅಕ್ಕಪಕ್ಕದ ಮನೆಯವರೆಲ್ಲ ಕಾಂಪೌಂಡ್ ಹತ್ತಿರ ಬಂದಿರುತ್ತಾರೆ. ಸೈಜ್ ವಿಚಾರದಲ್ಲೂ ಎಡವಟ್ಟು ಆಗುತ್ತದೆ. ಕಾರ್ಬನ್ ಬ್ರಷ್ ಇರುವ ಸಣ್ಣ ವಾಷರ್‌ಗೆ 2.5 ಕೆವಿಎ ಸಾಕು. ಇಂಡಕ್ಷನ್ ಮೋಟಾರ್, ಅಂದರೆ ಬ್ರಷ್ ಇಲ್ಲದ ಭಾರದ ಮೋಟಾರ್, ಶುರುವಾಗುವ ಕ್ಷಣಕ್ಕೆ ಓಡುವಾಗಿನದರ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಎರಡು ಎಚ್‌ಪಿಯದಕ್ಕೆ ಐದು ಕೆವಿಎ ಹತ್ತಿರದ್ದೇ ಬೇಕು, ಅದನ್ನು ಒಬ್ಬರೇ ಎತ್ತಿ ಇಳಿಸುವುದು ಕನಸು. ಬೇಸ್‌ಮೆಂಟಿನಲ್ಲಂತೂ ಪೆಟ್ರೋಲ್ ಮಷೀನು ಯಾವುದನ್ನೂ ಹಾಕಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಜೀವ ತೆಗೆಯುತ್ತದೆ.

ಬ್ಯಾಟರಿ ಇನ್ವರ್ಟರ್ ಮಧ್ಯದ ದಾರಿ. ಮನೆಯ 900 ವಿಎ ಇನ್ವರ್ಟರ್ ಕಿತ್ತುಕೊಂಡು ಬಂದರೆ ಆಗಲ್ಲ. 1,400 ವ್ಯಾಟಿನ ವಾಷರ್ ಸ್ಟಾರ್ಟ್ ಆಗಬೇಕಾದರೆ 2.5 ಕೆವಿಎ ಆದರೂ ಬೇಕು. 12 ವೋಲ್ಟಿನ 150 ಎಎಚ್ ಲೆಡ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇದ್ದರೂ ಅರ್ಧಕ್ಕಿಂತ ಜಾಸ್ತಿ ಇಳಿಸಿದರೆ ಬ್ಯಾಟರಿ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ ಒಂದು ಕಾರು, ಕಷ್ಟಪಟ್ಟರೆ ಒಂದೂವರೆ. 24 ವೋಲ್ಟ್ 100 ಎಎಚ್ ಲಿಥಿಯಂ ಆದರೆ 2,400 ಇರುತ್ತದೆ, ಬಹುಪಾಲು ಬಳಸಬಹುದು, ಮೂರು ಕಾರು ಮಾಡಬಹುದು. ಬೆಲೆ ಜಾಸ್ತಿ, ಸದ್ದಿಲ್ಲ, ಹೊಗೆಯಿಲ್ಲ. ಶುರುವಿನಲ್ಲೇ ಇದಕ್ಕೆ ಕೈ ಹಾಕುವ ಅಗತ್ಯ ನನಗಂತೂ ಕಾಣುವುದಿಲ್ಲ. ಮೊದಲ ಆರು ತಿಂಗಳು ಪ್ಲಗ್ ಇರುವ ಗಿರಾಕಿಗಳನ್ನೇ ಹಿಡಿಯಿರಿ.

ಗಾಡಿ

ಇದನ್ನು ಬೇಗ ಮುಗಿಸುತ್ತೇನೆ. ರಿನ್ಸ್‌ಲೆಸ್ ಮಾಡುವವರಿಗೆ ಟಿವಿಎಸ್ ಎಕ್ಸ್‌ಎಲ್ ಸಾಕು, ಸುಮ್ನೆ ವ್ಯಾನ್ ಯಾಕೆ? ಮುಂದೆ ಎರಡು ಬಕೆಟ್ಟು ಒಂದರೊಳಗೊಂದು, ಹಿಂದೆ ವ್ಯಾಕ್ಯೂಮ್, ಬೆನ್ನಿಗೆ ಬಟ್ಟೆ ಚೀಲ. ಟ್ಯಾಂಕು ಬೇಕು ಅಂದರೆ ಸೆಕೆಂಡ್ ಹ್ಯಾಂಡ್ ಓಮ್ನಿ ಅಥವಾ ಈಕೋ. ಓಮ್ನಿ ತಯಾರಿ 2019ರಲ್ಲೇ ನಿಂತಿದೆ, 796 ಸಿಸಿ ಇಂಜಿನ್ನು, 200 ಲೀಟರಿಗಿಂತ ಜಾಸ್ತಿ ಹೇರಿ ಚಾಮುಂಡಿ ಬೆಟ್ಟದ ಕಡೆ ಹೋಗಬೇಡಿ. ಆದರೆ ಪಕ್ಕಕ್ಕೆ ಸರಿಯುವ ಬಾಗಿಲಿಗೆ ಇಕ್ಕಟ್ಟಿನ ಗಲ್ಲಿಯಲ್ಲಿ ಬೆಲೆ ಕಟ್ಟಲಾಗುವುದಿಲ್ಲ. ಈಕೋಗೆ 1.2 ಲೀಟರ್ ಇಂಜಿನ್ನು, ಭಾರ ತಡೆಯುತ್ತದೆ. ಟಾಟಾ ಏಸ್ 500 ಲೀಟರ್ ಬೇಕಾದವರಿಗೆ, ಅಂದರೆ ಹೆಬ್ಬಾಳದ ಫ್ಯಾಕ್ಟರಿಗಳಲ್ಲಿ ಕಂಪನಿ ಕ್ಯಾಬುಗಳ ಗುತ್ತಿಗೆ ಸಿಕ್ಕವರಿಗೆ. ಒಳಗೆ ಟ್ಯಾಂಕು, ರ್‍ಯಾಕ್ ಬೋಲ್ಟ್ ಹಾಕಿ ಕೂರಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸಿನವರ ಹತ್ತಿರವೂ ಕೇಳಿಕೊಳ್ಳಿ.

ಪ್ರೆಶರ್ ವಾಷರ್

ಬಾರ್ ಬಾರ್ ಅಂತ ಬಡಿದುಕೊಳ್ಳುವುದನ್ನು ಬಿಡಿ. ಕಾರಿನ ಪೇಂಟಿಗೆ 80ರಿಂದ 120 ಬಾರ್ ಬೇಕಾದಷ್ಟಾಯಿತು. ಅದಕ್ಕಿಂತ ಜಾಸ್ತಿ ಹತ್ತಿರದಿಂದ ಹೊಡೆದರೆ ರೀಪೇಂಟ್ ಆಗಿರುವ ಬಂಪರಿನ ಬಣ್ಣ ಸಿಪ್ಪೆ ಏಳುತ್ತದೆ, ಅದರ ದುಡ್ಡು ನಿಮ್ಮ ತಲೆಗೆ. ಡಬ್ಬದ ಮೇಲಿನ ಮ್ಯಾಕ್ಸ್ ಬಾರ್ ಬೇರೆ, ಕೆಲಸ ಮಾಡುವಾಗಿನ ಬಾರ್ ಬೇರೆ. ಒಳಗಿನ ಪುಸ್ತಕದಲ್ಲಿ ಎರಡನೆಯದನ್ನು ನೋಡಿ. ನಿಮಿಷಕ್ಕೆ ಎಷ್ಟು ಲೀಟರ್ ಅನ್ನುವುದನ್ನೂ ನೋಡಿ, ಮಣ್ಣನ್ನು ತಳ್ಳಿಕೊಂಡು ಹೋಗುವುದು ಆ ನೀರು.

ಆಯ್ಕೆ ಇರುವುದು ಮೋಟಾರಿನಲ್ಲಿ. ಆರು ಸಾವಿರದಿಂದ ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಮನೆ ಬಳಕೆಯವು ಬಹುಪಾಲು ಕಾರ್ಬನ್ ಬ್ರಷ್ ಇರುವ ಮೋಟಾರಿನವು. ಹಗುರ, ಎಲ್ಲಿಗೆ ಬೇಕಾದರೂ ಎತ್ತಿಕೊಂಡು ಹೋಗಬಹುದು, ಕಿರುಚುವ ಸದ್ದು. ಕಾಲು ಗಂಟೆ ಓಡಿಸಿದರೆ ಸ್ವಲ್ಪ ಹೊತ್ತು ಬಿಡಬೇಕು. ಬ್ರಷ್ ಸವೆಯುತ್ತದೆ, ಬದಲಾಯಿಸಲು ಬರುವ ಮಾಡೆಲ್ಲೇ ತಗೊಳ್ಳಿ. ವಾರಂಟಿ ಕಾಗದವನ್ನೂ ಓದಿ, ಬಹಳಷ್ಟರಲ್ಲಿ ವ್ಯಾಪಾರಕ್ಕೆ ಬಳಸಿದರೆ ವಾರಂಟಿ ಇಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಇಂಡಕ್ಷನ್ ಮೋಟಾರಿನದು ಸದ್ದು ಕಡಿಮೆ, ದಿನವಿಡೀ ಓಡಿಸಿದರೂ ತಡೆಯುತ್ತದೆ, ಹಿತ್ತಾಳೆ ಪಂಪ್ ಹೆಡ್ ಇದ್ದರೆ ವರ್ಷಗಟ್ಟಲೆ ಬರುತ್ತದೆ. ಆದರೆ 20 ಕೆಜಿ ದಾಟುತ್ತದೆ, ಬೆಲೆಯೂ ಎರಡು ಪಟ್ಟಿಗಿಂತ ಮೇಲೆ. ದಿನಕ್ಕೆ ಎರಡು ಮೂರು ಕಾರು ಮಾಡುವವರಿಗೆ ಬ್ರಷ್ ಮೋಟಾರೇ ಸಾಕು. ಐದು ದಾಟಿತು ಅಂದಮೇಲೆ ಇಂಡಕ್ಷನ್ ಬಗ್ಗೆ ಯೋಚಿಸಿ.

12 ವೋಲ್ಟಿನಲ್ಲಿ ಓಡುವ ಸಣ್ಣ ಗನ್‌ಗಳನ್ನು ಜಾಹೀರಾತಿನಲ್ಲಿ ನೋಡಿರುತ್ತೀರಿ. ಅವುಗಳ ಒತ್ತಡ ಗಾರ್ಡನ್ ಪೈಪಿಗಿಂತ ಸ್ವಲ್ಪ ಮೇಲೆ ಅಷ್ಟೇ. ಧೂಳು ನೆನೆಸಲು, ರಿನ್ಸ್‌ಲೆಸ್‌ಗೆ ಮುಂಚೆ ಚಕ್ರಕ್ಕೆ ನೀರು ಹೊಡೆಯಲು ಪರವಾಗಿಲ್ಲ. ಪೆಟ್ರೋಲ್ ಇಂಜಿನ್ ವಾಷರ್ ತೋಟದ ಮನೆಗಳಿಗೆ ಸರಿ, ಊರೊಳಗೆ ಬೇಡ.

ನಾಜಲ್ ಬಣ್ಣ ನೆನಪಿಡಿ. ಡಿಗ್ರಿ ಅಂದರೆ ನೀರು ಎಷ್ಟು ಅಗಲ ಹರಡುತ್ತದೆ ಅನ್ನುವುದು. ಕೆಂಪು ಸೊನ್ನೆ ಡಿಗ್ರಿ, ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ. ಹಳದಿ 15, ಹಸಿರು 25, ಬಿಳಿ 40. ಕಾರಿನ ಮೈಗೆ ಬಿಳಿ, ಚಕ್ರದ ಗೂಡಿಗೆ ಹಸಿರು. ಒಂದೂವರೆ ಅಡಿ ದೂರ ಬಿಟ್ಟು ಹೊಡೆಯಿರಿ. ಶಾಂಪೂ ನೊರೆ ಹೊಡೆಯುವ ಫೋಮ್ ಕ್ಯಾನನ್ ತಗೊಂಡಾಗ ಸಣ್ಣ ಮಷೀನಿಗೆ ಒಳಗಿನ ತೂತು 1.1 ಮಿಲಿಮೀಟರಿನದು ಹಾಕಿಸಿ, ಜೊತೆಗೆ ಬರುವ 1.25ರಲ್ಲಿ ನೊರೆ ಹಾಲಿನ ನೀರಿನ ಥರ ಇಳಿದು ಹೋಗುತ್ತದೆ. ದಪ್ಪ ನೊರೆ ಇಲ್ಲದಿದ್ದರೆ ಕಾರು ಕ್ಲೀನ್ ಆಗಲ್ಲ ಅಂತೇನಿಲ್ಲ, ಆದರೆ ಗಿರಾಕಿಯ ಮಗ ವಿಡಿಯೋ ಮಾಡುವುದು ಆ ನೊರೆಯನ್ನೇ.

ವ್ಯಾಕ್ಯೂಮ್, ಎಕ್ಸ್‌ಟ್ರ್ಯಾಕ್ಟರ್, ಸ್ಟೀಮ್

ಈಗ ಅಸಲಿ ವಿಷಯ. ಒಂದು ಮನೆಯವರು ಭಾನುವಾರ ತಲಕಾಡಿಗೆ ಹೋಗಿ ಬಂದಿದ್ದಾರೆ ಅಂದುಕೊಳ್ಳಿ. ಮ್ಯಾಟ್ ಎತ್ತಿದರೆ ಕಾರ್ಪೆಟ್ಟಿನ ಎಳೆಗಳ ಬುಡದಲ್ಲಿ ಮರಳು. ಸೀಟು ಹಿಂದೆ ಮುಂದೆ ಸರಿಯುವ ಹಳಿಯಲ್ಲಿ ಮರಳು, ಅದರ ಜೊತೆ ಗ್ರೀಸಿಗೆ ಅಂಟಿಕೊಂಡ ಕಡ್ಲೆಪುರಿ. ಮಕ್ಕಳ ಸೀಟಿನ ಸಂದಿಯಲ್ಲಿ ಕರಗಿದ ಚಾಕೊಲೇಟ್. ಸಣ್ಣ ಚಾರ್ಜಬಲ್ ವ್ಯಾಕ್ಯೂಮ್ ಹಿಡಿದು ಹೋದರೆ ಮೇಲಿನದು ಮಾತ್ರ ಬರುತ್ತದೆ, ಬುಡದ ಮರಳು ಅಲ್ಲೇ. ಆ ಮನೆಯವರು ಮರುದಿನ ಕಾಲಿಟ್ಟಾಗ ಕರಕರ ಅನ್ನುತ್ತದೆ, ನಿಮ್ಮ ನಂಬರ್ ಡಿಲೀಟ್.

ವೆಟ್ ಅಂಡ್ ಡ್ರೈ ವ್ಯಾಕ್ಯೂಮ್ ತಗೊಳ್ಳಿ, 20ರಿಂದ 30 ಲೀಟರಿನದು. ವ್ಯಾಟ್ ನೋಡಿ ಮೋಸ ಹೋಗಬೇಡಿ. ವ್ಯಾಟ್ ಹೇಳುವುದು ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವುದನ್ನು, ಎಷ್ಟು ಎಳೆಯುತ್ತದೆ ಅನ್ನುವುದನ್ನು ಕೆಪಿಎ ನಂಬರ್ ಹೇಳುತ್ತದೆ. 18 ಕೆಪಿಎ ಹತ್ತಿರ ಇದ್ದರೆ ಒಳ್ಳೆಯದು. ಪೈಪ್ ಎರಡು ಮೀಟರಿಗಿಂತ ಉದ್ದ ಇರಲಿ, ಇಲ್ಲದಿದ್ದರೆ ಸೀಟಿಂದ ಸೀಟಿಗೆ ಹೋಗುವಾಗಲೆಲ್ಲ ಮಷೀನನ್ನೂ ಎಳೆದಾಡಬೇಕು, ಅದರ ಮೂಲೆ ಬಾಗಿಲಿಗೆ ತಾಗುತ್ತದೆ. ಊದುವ ತೂತು ಇರುವ ಮಾಡೆಲ್ಲೇ ನೋಡಿ. ಕನ್ನಡಿಯ ಸಂದಿ, ಬಾಗಿಲ ಹಿಡಿ, ನಂಬರ್ ಪ್ಲೇಟ್ ಹಿಂದೆ ಕೂತ ನೀರನ್ನು ಊದಿ ತೆಗೆಯದಿದ್ದರೆ, ಒರೆಸಿ ಮುಗಿಸಿದ ಮೇಲೆ ಅಲ್ಲಿಂದ ಇಳಿದು ಗೆರೆ ಹಾಕುತ್ತದೆ.

ಮರಳು ತೆಗೆಯುವ ಉಪಾಯ ಒಂದಿದೆ. ಎಡಗೈಯಲ್ಲಿ ಗಟ್ಟಿ ಬ್ರಷ್ಷಿನ ಹಿಡಿಯಿಂದ ಕಾರ್ಪೆಟ್ಟನ್ನು ಟಪಟಪ ಬಡಿಯುತ್ತಾ ಹೋಗಿ, ಬಲಗೈಯ ಚಪ್ಪಟೆ ಮೂತಿ ಅದರ ಹಿಂದೆಯೇ ಬರಲಿ. ಬಡಿದಾಗ ಮರಳು ಮೇಲೇಳುತ್ತದೆ, ಆಗಲೇ ಎಳೆದುಕೊಳ್ಳುತ್ತದೆ. ಪೈಪಿನೊಳಗೆ ಕರಕರ ಸದ್ದು ನಿಲ್ಲುವವರೆಗೂ ಆ ಜಾಗ ಬಿಡಬೇಡಿ. ಒದ್ದೆ ಎಳೆಯುವ ಮುಂಚೆ ಕಾಗದದ ಫಿಲ್ಟರ್ ತೆಗೆದು ಸ್ಪಂಜಿನದು ಹಾಕಬೇಕು, ಇದನ್ನು ಮರೆತರೆ ಫಿಲ್ಟರ್ ಅಂಟಂಟಾಗಿ ದಂಡ.

ಸೀಟು ಶಾಂಪೂ ಮಾಡಲು ಎಕ್ಸ್‌ಟ್ರ್ಯಾಕ್ಟರ್ ಬೇಕಾ? ಅದು ನೀರು ಚಿಮುಕಿಸಿ ತಾನೇ ವಾಪಸ್ ಎಳೆಯುವ ಮಷೀನು. ಬೇಕು, ಆದರೆ ಮೊದಲ ದಿನವೇ ಬೇಡ. ಆಲ್ ಪರ್ಪಸ್ ಕ್ಲೀನರ್ ಒಂದಕ್ಕೆ ಹತ್ತು ನೀರು ಬೆರೆಸಿ ಚಿಮುಕಿಸಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ, ವೆಟ್ ವ್ಯಾಕ್ಯೂಮ್‌ನಲ್ಲಿ ಎಳೆದರೆ ಮುಕ್ಕಾಲು ಕೆಲಸ ಆಗುತ್ತದೆ. ವ್ಯತ್ಯಾಸ ಕಾಣುವುದು ಮಳೆಗಾಲದಲ್ಲಿ. ಎಕ್ಸ್‌ಟ್ರ್ಯಾಕ್ಟರ್ ನೀರನ್ನು ಚೆನ್ನಾಗಿ ಎಳೆದುಬಿಡುವುದರಿಂದ ಸೀಟು ಬೇಗ ಒಣಗುತ್ತದೆ, ಇನ್ನೊಂದರಲ್ಲಿ ಸ್ಪಂಜಿನೊಳಗೆ ತೇವ ಉಳಿದು ಮೂರನೇ ದಿನ ಮುಗ್ಗಲು ವಾಸನೆ. ಜುಲೈನಲ್ಲಿ ಎಕ್ಸ್‌ಟ್ರ್ಯಾಕ್ಟರ್ ಇಲ್ಲದೆ ಸೀಟ್ ಶಾಂಪೂ ಆರ್ಡರ್ ಒಪ್ಪಿಕೊಳ್ಳಬೇಡಿ.

ಸ್ಟೀಮ್ ಮಷೀನು ನೋಡಲು ಚೆಂದ. ಎಸಿ ಕಿಂಡಿ, ಸ್ಟೀರಿಂಗಿನ ಹೊಲಿಗೆಯಲ್ಲಿ ಕೂತ ಜಿಡ್ಡು, ಬಾಗಿಲ ಬದಿಯ ಎಲೆಅಡಿಕೆ ಕಲೆ, ಇವಕ್ಕೆಲ್ಲ ಒಳ್ಳೆಯದು, ನೀರೂ ಕಡಿಮೆ. ಮರಳನ್ನೂ ಧೂಳನ್ನೂ ಅದು ತೆಗೆಯುವುದಿಲ್ಲ, ಅದೇನಿದ್ದರೂ ವ್ಯಾಕ್ಯೂಮ್ ಆದಮೇಲೆ. ಟಚ್ ಸ್ಕ್ರೀನ್ ಹತ್ತಿರ, ಅಂಟಿನಿಂದ ಕೂರಿಸಿದ ರೂಫ್ ಬಟ್ಟೆಯ ಹತ್ತಿರ ಹಿಡಿದರೆ ಕೆಲಸ ಕೆಡುತ್ತದೆ. ಎಕ್ಸ್‌ಟ್ರ್ಯಾಕ್ಟರ್ ಮತ್ತು ಸ್ಟೀಮ್ ಎರಡರಲ್ಲಿ ಒಂದು ಅಂದರೆ ನನ್ನ ಓಟು ಎಕ್ಸ್‌ಟ್ರ್ಯಾಕ್ಟರ್‌ಗೆ.

ಪಾಲಿಶರ್

ರೋಟರಿ ಅಗ್ಗ, ಬೇಗ ಕತ್ತರಿಸುತ್ತದೆ. ಒಂದೇ ಜಾಗದಲ್ಲಿ ಸುತ್ತುವುದರಿಂದ ಬಿಸಿಯಾಗಿ, ಬಾನೆಟ್ಟಿನ ಅಂಚಿನಲ್ಲಿ ಒಂದು ಕ್ಷಣ ಜಾಸ್ತಿ ನಿಂತರೂ ಪೇಂಟ್ ಹೋಗುತ್ತದೆ. ಮೇಲಿನ ಕ್ಲಿಯರ್ ಕೋಟ್ ಇರುವುದೇ 40-50 ಮೈಕ್ರಾನ್, ತಲೆಗೂದಲಿಗಿಂತ ತೆಳು. ಡ್ಯುಯಲ್ ಆ್ಯಕ್ಷನ್ ಪಾಲಿಶರ್ ಸುತ್ತುತ್ತಾ ಅಲುಗಾಡುತ್ತದೆ, ನಿಧಾನ, ಆದರೆ ಸುಡುವ ಭಯ ಬಹಳ ಕಡಿಮೆ. ಹೊಸಬರು ತಗೊಳ್ಳುವುದಾದರೆ ಡಿಎ ಮಾತ್ರ, ಐದು ಇಂಚಿನ ಪ್ಲೇಟು. ಅದೂ ಗ್ಯಾರೇಜಿನಿಂದ ಹಳೆಯ ಬಾನೆಟ್ಟೊಂದು ತಂದು ಕೈ ಪಳಗಿಸಿದ ಮೇಲೆ.

ಸೆರಾಮಿಕ್ ಕೋಟಿಂಗ್ ಕೇಳುವವರು ಬರುತ್ತಾರೆ, ದುಡ್ಡೂ ಚೆನ್ನಾಗಿದೆ. ಆದರೆ ಧೂಳಿಲ್ಲದ ಮುಚ್ಚಿದ ಜಾಗ ಬೇಕು, ಹಾಕಿದ ಮೇಲೆ ಗಂಟೆಗಟ್ಟಲೆ ನೀರು ತಾಗಬಾರದು. ನಮ್ಮೂರಿನ ಸಾಲುಮರದ ರಸ್ತೆಯಲ್ಲಿ ಮೇಲಿಂದ ಹೂವು, ಅಂಟು, ಹಕ್ಕಿ ಹಿಕ್ಕೆ ಬೀಳುತ್ತಲೇ ಇರುತ್ತದೆ. ಬೀದಿಯಲ್ಲಿ ನಿಂತು ಮಾಡುವ ಕೆಲಸ ಅದಲ್ಲ. ಪೇಂಟಿನ ಮೇಲೆ ತೆಳು ರಕ್ಷಣೆ ಕೊಡುವ ಸ್ಪ್ರೇ ಸೀಲಂಟ್ ಹಾಕಿ ಕೊಡಿ, ಸಾಕು.

ಬಟ್ಟೆ, ಕೆಮಿಕಲ್ಲು

ಗೀರು ಬೀಳುವುದರಲ್ಲಿ ಹೆಚ್ಚಿನ ಪಾಲು ಮಷೀನಿನಿಂದ ಅಲ್ಲ, ಬಟ್ಟೆಯಿಂದ. ಬಾಡಿ ಒರೆಸಲು 350 ಜಿಎಸ್‌ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಮಿನಲ್ಲಿ) ಆಸುಪಾಸಿನದು, ಒಣಗಿಸಲು 800ರ ಮೇಲಿನ ದೊಡ್ಡ ಟವೆಲ್ಲು, ಗಾಜಿಗೆ ತೆಳ್ಳನೆಯದು. ಬಣ್ಣ ಹಂಚಿಕೊಳ್ಳಿ. ನೀಲಿ ಬಟ್ಟೆ ಕಾರಿನ ಮೈಗೆ ಅಂದರೆ ಅದು ಟೈರಿನ ಹತ್ತಿರ ಹೋಗಲೇಬಾರದು. ಕೆಳಗೆ ಬಿದ್ದ ಬಟ್ಟೆ ಆ ದಿನಕ್ಕೆ ಮುಗಿಯಿತು, ಒದರಿ ಮತ್ತೆ ಬಳಸಬೇಡಿ. ಒಗೆಯುವಾಗ ಫ್ಯಾಬ್ರಿಕ್ ಕಂಡೀಷನರ್ ಹಾಕಬಾರದು, ಎಳೆಗಳಿಗೆ ಮೆತ್ತಿಕೊಂಡು ನೀರು ಹೀರುವುದನ್ನೇ ನಿಲ್ಲಿಸುತ್ತವೆ. ಕಾಟನ್ ಬಟ್ಟೆ ಜೊತೆಗೂ ಬೇಡ, ನಾರು ಅಂಟುತ್ತದೆ.

ಶಾಂಪೂ ಪಿಎಚ್ ನ್ಯೂಟ್ರಲ್ ಇರಲಿ, ಅಂದರೆ ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ್ದು. ಪಾತ್ರೆ ತೊಳೆಯುವ ಲಿಕ್ವಿಡ್ಡು ವ್ಯಾಕ್ಸನ್ನೂ ತೆಗೆದುಬಿಡುತ್ತದೆ. ಚಕ್ರಕ್ಕೆ ಆ್ಯಸಿಡ್ ಹಾಕುವ ಹಳೆಯ ಅಭ್ಯಾಸ ಅಲಾಯ್ ವೀಲಿಗೆ ಆಗದು. ಡ್ಯಾಶ್‌ಬೋರ್ಡಿಗೆ ಜಿಡ್ಡಿನ ಸಿಲಿಕಾನ್ ಪಾಲಿಶ್ ಅಗ್ಗ, ಆ ಹೊತ್ತಿಗೆ ಮಿಂಚುತ್ತದೆ, ಎರಡು ದಿನಕ್ಕೆ ಧೂಳೆಲ್ಲ ಅದಕ್ಕೇ. ನೀರಿನ ಆಧಾರದ, ಮಿಂಚದ ಡ್ರೆಸ್ಸಿಂಗ್ ಇಟ್ಟುಕೊಳ್ಳಿ. ಐದು ಲೀಟರ್ ಕ್ಯಾನ್ ತಗೊಂಡು ಬಾಟಲಿಗೆ ಬೆರೆಸಿಕೊಂಡರೆ ಸಣ್ಣ ಬಾಟಲಿಗಿಂತ ಎಷ್ಟೋ ಕಡಿಮೆ ಬೀಳುತ್ತದೆ.

ಮತ್ತೆ ಆಯುಧಪೂಜೆ. ಮೈಸೂರಲ್ಲಿ ಈ ಕೆಲಸ ಮಾಡುವವರಿಗೆ ವರ್ಷದ ಸುಗ್ಗಿಯೇ ಅದು. ಹಿಂದಿನ ಎರಡು ದಿನ ಫೋನ್ ಕೆಳಗಿಡಲು ಆಗುವುದಿಲ್ಲ. ಆಗ ಕೊರತೆ ಬೀಳುವುದು ಒಣ ಬಟ್ಟೆ, ಹಾಗಾಗಿ ದಸರಾಕ್ಕೆ ಮುಂಚೆ ಇನ್ನೊಂದು ಸೆಟ್ ತಂದಿಡಿ. ಜನ ಮರೆಯುವುದು ಹಬ್ಬದ ಮರುದಿನದ ಕೆಲಸವನ್ನು. ಬಾನೆಟ್ ಮೇಲೆ ಅರಿಶಿನ ಕುಂಕುಮ ಒದ್ದೆಯಲ್ಲೇ ಹಚ್ಚಿರುತ್ತಾರೆ, ಬಿಳಿ ಕಾರಿನಲ್ಲಿ ಕೆಂಪು ಇಳಿದಿರುತ್ತದೆ. ಗ್ರಿಲ್ಲಿಗೆ ಬಾಳೆಕಂದು ಕಟ್ಟಿದ್ದರೆ ಅದರ ರಸ ಇಳಿದು ಒಣಗಿ ಕಂದು ಕಲೆ. ಹೂವಿನ ಹಾರಕ್ಕೆ ಅಂಟಿಸಿದ ಟೇಪಿನ ಗೋಂದು. ಕುಂಕುಮವನ್ನು ಒಣಗಿದ್ದಾಗ ಉಜ್ಜಬಾರದು, ಮೊದಲು ಊದಿ, ಆಮೇಲೆ ಧಾರಾಳ ನೀರು, ಆಮೇಲೆ ಶಾಂಪೂ. ಗೋಂದಿಗೆ ಟಾರ್ ರಿಮೂವರ್. ಹಬ್ಬಕ್ಕೆ ಮುಂಚೆ ತೊಳೆದಾಗಲೇ ಸ್ಪ್ರೇ ಸೀಲಂಟ್ ಹಾಕಿದ್ದರೆ ಇವೆಲ್ಲ ಸಲೀಸಾಗಿ ಬಿಡುತ್ತವೆ, ಅದಕ್ಕೆ ಬೇರೆ ದುಡ್ಡು ಕೇಳಿದರೂ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ದುಡ್ಡು ಹೇಗೆ ಹಂಚುವುದು

ಕೈಯಲ್ಲಿ 25-30 ಸಾವಿರ ಇದ್ದರೆ: ಒಳ್ಳೆಯ ವ್ಯಾಕ್ಯೂಮ್, ಮೂವತ್ತು ಬಟ್ಟೆ, ಎರಡು ಪಂಪ್ ಸ್ಪ್ರೇಯರ್, ಎರಡು ಬಕೆಟ್, ರಿನ್ಸ್‌ಲೆಸ್, ಆಲ್ ಪರ್ಪಸ್ ಕ್ಲೀನರ್, ಗಾಜಿನ ಲಿಕ್ವಿಡ್, ಬ್ರಷ್ಷುಗಳು, ಎಕ್ಸ್‌ಟೆನ್ಷನ್ ಬಾಕ್ಸ್. ಗಾಡಿ ನಿಮ್ಮ ಹಳೆಯ ಸ್ಕೂಟರೇ. ಇನ್ನೊಂದು ಹತ್ತು ಹನ್ನೆರಡು ಸಾವಿರ ಸೇರಿದರೆ ಬ್ರಷ್ ಮೋಟಾರಿನ ವಾಷರ್ ಮತ್ತು ಫೋಮ್ ಕ್ಯಾನನ್. ಅದರ ನಂತರ ಎಕ್ಸ್‌ಟ್ರ್ಯಾಕ್ಟರ್. ಪಾಲಿಶರ್ ಆಮೇಲೆ. ವ್ಯಾನು, ಟ್ಯಾಂಕು ಎಲ್ಲಕ್ಕಿಂತ ಕೊನೆಗೆ, ಗಿರಾಕಿಗಳೇ ಬೇಕು ಅಂದಾಗ. ಸಾಲ ಬೇಕಿದ್ದರೆ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಕೇಳಬಹುದು. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ದುಡ್ಡಿಲ್ಲ, ಮಾಡಿಸಿಕೊಡುತ್ತೇವೆ ಅಂತ ಸಾವಿರ ಕೇಳುವವರಿಗೆ ಕೊಡಬೇಡಿ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ತಲೆನೋವೂ ಇಲ್ಲ.

ಸೆಕೆಂಡ್ ಹ್ಯಾಂಡ್ ವಾಷರ್ ಸಿಕ್ಕರೆ ಹೀಗೆ ನೋಡಿ. ಮಾರುವವರ ಮುಂದೆಯೇ ಬಕೆಟ್ಟಿನಿಂದ ನೀರು ಎಳೆಸಿ, ಐದು ನಿಮಿಷ ಓಡಿಸಿ. ಪಂಪಿನ ಕೆಳಗೆ ಒಣ ಕಾಗದ ಇಟ್ಟರೆ ತೊಟ್ಟಿಕ್ಕುತ್ತಿದೆಯೋ ಗೊತ್ತಾಗುತ್ತದೆ. ಆಮೇಲೆ ಟ್ರಿಗರ್ ಬಿಡಿ. ಟ್ರಿಗರ್ ಬಿಟ್ಟಾಗ ಆಫ್ ಆಗುವ ಮಾಡೆಲ್ಲಾದರೆ ಮೋಟಾರ್ ಅಲ್ಲೇ ನಿಂತು ಸುಮ್ಮನಿರಬೇಕು. ಯಾರೂ ಮುಟ್ಟದೆ ಆಗಾಗ ತಾನೇ ಗುರ್ ಅಂತ ಒಂದು ಸಲ ಎದ್ದು ನಿಲ್ಲುತ್ತಿದ್ದರೆ ಎಲ್ಲೋ ಸೀಲ್ ಸೋರುತ್ತಿದೆ. ಆ ಮಷೀನು ಅರ್ಧ ಬೆಲೆಗೆ ಕೊಟ್ಟರೂ ಬೇಡ.